ಮೂರು ದಿನ ನಡೆದ ಅಮಾವಾಸ್ಯೆ

ವಾದದಲ್ಲಿ ಸೋಲುವುದೆಂದರೆ ನನಗೆ ಮೊದಲಿನಿಂದಲೂ ಮೈಯುರಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾರಿಗೋ ತಪ್ಪು ದಾರಿ ಹೇಳುತ್ತಿದ್ದರೆ ತಿದ್ದದೆ ಇಳಿದವನಲ್ಲ ನಾನು. ಹಾಗಾಗಿ ಆ ಮೇ ತಿಂಗಳ ಬೆಳಿಗ್ಗೆ ಪ್ಲಾಸ್ಟರ್ ಗ್ಯಾಂಗಿನ ಮೇಸ್ತ್ರಿ ಸೈಟ್ ಆಫೀಸಿನ ಬಾಗಿಲಲ್ಲಿ ನಿಂತು, ನಿನ್ನೆಯೇ ಮುಗಿದುಹೋದ ಅಮಾವಾಸ್ಯೆ ಇವತ್ತೂ ಇದೆ ಎಂದಾಗ ನನಗೆ ಸಿಟ್ಟಿಗಿಂತ ಮೊದಲು ಒಳಗೊಳಗೇ ಖುಷಿಯಾಯಿತು. ಇದು ಗೆಲ್ಲಬಹುದಾದ ವಾದ ಅಂದುಕೊಂಡೆ.

ಪುಣೆಯ ವಿಮಾನ ನಗರದ ಆಚೆ ಬದಿಗೆ ಇಪ್ಪತ್ತೆರಡು ಮಹಡಿಯ ವಸತಿ ಕಟ್ಟಡವೊಂದು ಏಳುತ್ತಿತ್ತು. ನಾನು ಅಲ್ಲಿ ಸೇಫ್ಟಿ ಆಫೀಸರ್. ದಿನಾ ನಿಗಡಿಯಿಂದ ಹೊರಟು, ಶಿವಾಜಿನಗರದಲ್ಲಿ ಬಸ್ ಬದಲಿಸಿ, ಎಂಟಕ್ಕೆ ಮುಂಚೆ ಸೈಟಿನಲ್ಲಿರುತ್ತಿದ್ದೆ. ಒಳಗಿನ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಉಳಿದದ್ದು ಹೊರಗೋಡೆಯ ಪ್ಲಾಸ್ಟರ್, ಅದೂ ಹಿಂಬದಿಯದು ಮಾತ್ರ. ಮಳೆ ಹಿಡಿಯುವ ಮೊದಲು ಅದು ಮುಗಿಯಲೇಬೇಕು ಎಂದು ಪ್ರಾಜೆಕ್ಟ್ ಮ್ಯಾನೇಜರ್ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಪ್ಲಾಸ್ಟರ್ ಮಾಡುತ್ತಿದ್ದ ಹನ್ನೊಂದು ಜನರ ಗ್ಯಾಂಗ್ ಯಾದಗಿರಿ ಕಡೆಯದು. ಎಲ್ಲರೂ ಒಂದೇ ಬಳಗ. ಮೇಸ್ತ್ರಿ, ಅವನ ಹೆಂಡತಿ, ಮಗ, ಅಳಿಯ, ತಮ್ಮಂದಿರು, ಅವರ ಹೆಂಡಂದಿರು. ಸೈಟಿನ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಅವರ ಸಂಸಾರ. ನಾನು ವಿಜಯಪುರದವನಾದ್ದರಿಂದ ಅವರೊಂದಿಗೆ ಮಾತಾಡುವ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು.

ಹೊರಗೋಡೆಯ ಕೆಲಸಕ್ಕೆ ಮೇಲಿನಿಂದ ಇಳಿಬಿಡುವ ಉದ್ದನೆಯ ಕಬ್ಬಿಣದ ತೊಟ್ಟಿಲಿಗೆ ಇಲ್ಲಿ ಝೂಲಾ ಎನ್ನುತ್ತಾರೆ. ಅದರ ಕಟ್ಟೋಣ ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೆ ಹೇಳಿಬಿಡುತ್ತೇನೆ. ಟೆರೇಸಿನ ಮೇಲೆ ಎರಡು ಕಬ್ಬಿಣದ ತೊಲೆ ಇರುತ್ತವೆ. ತೊಲೆಯ ಮೂತಿ ಕಟ್ಟಡದ ಅಂಚಿನಿಂದಾಚೆ ಚಾಚಿರುತ್ತದೆ, ಆ ಮೂತಿಯಿಂದ ಉಕ್ಕಿನ ಹಗ್ಗ ಇಳಿದು ಝೂಲಾವನ್ನು ಹಿಡಿಯುತ್ತದೆ. ತೊಲೆಯ ಬಾಲದ ಮೇಲೆ ಹಳದಿ ಬಣ್ಣ ಬಳಿದ ಸಿಮೆಂಟಿನ ಕಲ್ಲುಗಳನ್ನು ಪೇರಿಸುತ್ತಾರೆ. ಒಂದೊಂದು ಕಲ್ಲು ಇಪ್ಪತ್ತೈದು ಕಿಲೋ. ಕೆಳಗೆ ತೂಗುವ ನಾಲ್ಕು ಜನರನ್ನೂ ಅವರ ಗಾರೆಯ ಬಕೆಟ್ಟುಗಳನ್ನೂ ಹಿಡಿದಿರುವುದು ಆ ಕಲ್ಲುಗಳ ಭಾರವೇ. ಸೊಂಟದ ಬೆಲ್ಟಿಗೆ ಬೇರೆ ಹಗ್ಗ ಇರುತ್ತದೆ ನಿಜ. ಆದರೆ ತೊಲೆಯೇ ಮಗುಚಿ ತಲೆಯ ಮೇಲೆ ಬಂದರೆ ಆ ಬೆಲ್ಟನ್ನು ನೆಚ್ಚಿ ನಾನಂತೂ ನಿಲ್ಲಲಾರೆ.

ನಮ್ಮ ಸೈಟಿನಲ್ಲಿ ಎರಡು ಝೂಲಾ ಇದ್ದವು, ಮುಂಬದಿಗೆ ಒಂದು, ಹಿಂಬದಿಗೆ ಒಂದು. ಹಿಂಬದಿಯ ಟೆರೇಸಿನಲ್ಲಿ ನೀರಿನ ಟ್ಯಾಂಕ್ ಅಡ್ಡ ಬಂದು ತೊಲೆಯ ಬಾಲಕ್ಕೆ ಮೂರೇ ಮೀಟರ್ ಜಾಗ ಸಿಕ್ಕಿತು. ಬಾಲ ಗಿಡ್ಡವಾದರೆ ಕಲ್ಲು ಹೆಚ್ಚು ಬೇಕು. ಮುಂದಿನ ಎಳೆತಕ್ಕಿಂತ ಹಿಂದಿನ ಹಿಡಿತ ಮೂರು ಪಟ್ಟು ಇರಬೇಕೆನ್ನುವುದು ನಾನು ಬಿಡದ ನಿಯಮ. ಲೆಕ್ಕ ಹಾಕಿ, ತೊಲೆಗೆ ಇಪ್ಪತ್ತು ಕಲ್ಲು ಸಾಲದು, ಮೂವತ್ತಾರು ಬೇಕು ಎಂದು ಬರೆದುಕೊಟ್ಟೆ. ಝೂಲಾ ಬಾಡಿಗೆಗೆ ಕೊಟ್ಟ ಏಜೆನ್ಸಿಯ ಮೆಕ್ಯಾನಿಕ್ ಮುಖ ಗಂಟಿಕ್ಕಿದ, ಅಷ್ಟು ಕಲ್ಲು ಎಲ್ಲಿಂದ ತರಲಿ ಎಂದು ಗೊಣಗಿದ. ತರದಿದ್ದರೆ ಝೂಲಾ ಮೇಲೇಳುವುದಿಲ್ಲ ಎಂದೆ. ಎರಡೇ ದಿನದಲ್ಲಿ ಕಲ್ಲು ಬಂದವು. ಒಂದು ತೊಲೆಗೆ ಮೂವತ್ತಾರು, ಇನ್ನೊಂದಕ್ಕೆ ಮೂವತ್ತಾರು. ಎಣಿಸಿದೆ, ಫಾರ್ಮಿನಲ್ಲಿ ಟಿಕ್ ಹಾಕಿದೆ, ಸಹಿ ಮಾಡಿದೆ. ನನ್ನ ಮಾತು ನಡೆಯಿತೆಂದು ಆ ಸಂಜೆ ಮನೆಯಲ್ಲೂ ಹೇಳಿಕೊಂಡೆ.

ಮರುದಿನ ಅಮಾವಾಸ್ಯೆ. ಅದು ನಿಜವಾದದ್ದೇ. ಗ್ಯಾಂಗಿನವರು ಝೂಲಾ ಏರುವುದಿಲ್ಲ ಎಂದರು, ಯಾರೂ ಏನೂ ಅನ್ನಲಿಲ್ಲ. ಮ್ಯಾನೇಜರ್ ಸಾಹೇಬರು ಮರಾಠಿಯವರು, ಅವರೇ ಅಮಾವಾಸ್ಯೆಯ ದಿನ ಹೊಸ ಕೆಲಸಕ್ಕೆ ಕೈಹಾಕುವವರಲ್ಲ. ಗಂಡಸರು ಕೆಳಗೆ ಮರಳು ಜರಡಿ ಹಿಡಿದರು, ಹೆಂಗಸರು ಮಹಡಿಗಳನ್ನೂ ಟೆರೇಸನ್ನೂ ಗುಡಿಸಿದರು. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ, ಆದರೆ ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಕೊಂಡಿರಬಲ್ಲೆ.

ಮೇಸ್ತ್ರಿ ಬಾಗಿಲಿಗೆ ಬಂದದ್ದು ಅದರ ಮರುದಿನ, ಎರಡನೆಯ ದಿನ. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಮ್ಮಿ.

"ಸಾಹೇಬ್ರ, ಇವತ್ತೂ ಅಮಾಸಿ ಅದರಿ. ಹಿಂದಿನ ಝೂಲಾ ಏರಲ್ಲ ಅಂತಾರ ನಮ್ಮ ಮಂದಿ."

ಆಫೀಸಿನ ಗೋಡೆಯ ಮೇಲೆ ತಿಥಿ ನಕ್ಷತ್ರಗಳಿರುವ ಮರಾಠಿ ಕ್ಯಾಲೆಂಡರ್ ತೂಗುತ್ತಿತ್ತು. ಮೊಳೆಯಿಂದ ಕಿತ್ತುಕೊಂಡೇ ಕೆಳಗಿಳಿದೆ. ಗ್ಯಾಂಗಿನ ಹನ್ನೊಂದೂ ಜನ ಮರಳಿನ ರಾಶಿಯ ಬಳಿ ಕೂತಿದ್ದರು. ತಿಥಿ ನಿನ್ನೆ ಸಂಜೆಗೇ ಮುಗಿದದ್ದನ್ನು ಬೆರಳಿಟ್ಟು ತೋರಿಸಿದೆ. ಮೇಸ್ತ್ರಿ ಬಗ್ಗಿ ನೋಡಿ ಖರೇ ಅದ ಎಂದ. ಹಾಗಾದರೆ ಏರಿ ಎಂದೆ. ನಮ್ಮ ಕಡಿ ಲೆಕ್ಕ ಬ್ಯಾರೆ ಅಂದ. ನಿಮ್ಮ ಕಡೆ ಬೇರೆ ಚಂದ್ರ ಇದ್ದಾನೇನು ಎಂದು ಕೇಳಿದೆ. ಆಮೇಲೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನನ್ನ ಹೆಲ್ಮೆಟ್ಟನ್ನು ಸೂರ್ಯ ಮಾಡಿದೆ, ಚಹಾದ ಗ್ಲಾಸನ್ನು ಚಂದ್ರ ಮಾಡಿದೆ, ಭೂಮಿಗೆ ನಿಂಬೆಹಣ್ಣು ತರಿಸಿದೆ. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಅಮಾವಾಸ್ಯೆ ಹೇಗಾಗುತ್ತದೆ, ಅದಕ್ಕೂ ಉಕ್ಕಿನ ಹಗ್ಗಕ್ಕೂ ಏಕೆ ಸಂಬಂಧವಿಲ್ಲ ಎಂದು ವಿವರಿಸಿದೆ. ಎಲ್ಲರೂ ತದೇಕಚಿತ್ತರಾಗಿ ಕೇಳಿದರು. ಮೇಸ್ತ್ರಿಯ ಅಳಿಯನಂತೂ, ಗ್ಲಾಸು ತಿಂಗಳಿಗೊಮ್ಮೆ ಹೆಲ್ಮೆಟ್ಟಿಗೆ ಅಡ್ಡ ಬಂದರೆ ತಿಂಗಳಿಗೊಮ್ಮೆ ಗ್ರಹಣ ಯಾಕೆ ಆಗುವುದಿಲ್ಲ ಎಂದು ಬಹಳ ಒಳ್ಳೆಯ ಪ್ರಶ್ನೆ ಕೇಳಿದ. ಅದಕ್ಕೂ ಉತ್ತರಿಸಿದೆ. ಕೊನೆಗೆ ಎಲ್ಲರೂ ಎದ್ದು, ಮೈಮೇಲಿನ ಮರಳು ಝಾಡಿಸಿ, ಮತ್ತೆ ಜರಡಿ ಹಿಡಿಯಲು ಹೋದರು. ಝೂಲಾದ ಕಡೆ ಒಬ್ಬರೂ ಹೋಗಲಿಲ್ಲ.

ಮೂರನೆಯ ದಿನಕ್ಕೆ ಹೊಸ ಹೆಸರು ಬಂತು. ಇವತ್ತು ಅಮಾಸಿಯ ಕರಿ, ಕರಿ ದಿನ ಎತ್ತರ ಏರಬಾರದು. ನಾನು ಇದನ್ನು ಮ್ಯಾನೇಜರಿಗೆ ಹೇಳಲೇಬೇಕಾಯಿತು. ಅವರು ಕೂಗಾಡುವ ಮನುಷ್ಯನಲ್ಲ, ಕನ್ನಡಕ ತೆಗೆದು ಒರೆಸಿಕೊಂಡರೆ ಸಿಟ್ಟು ಬಂದಿದೆಯೆಂದು ಅರ್ಥ. ಕನ್ನಡಕ ಒರೆಸಿಕೊಂಡರು. ಇವರು ಸಮಜೂತದಾರ ಜನರಲ್ಲ, ನ್ಯಾಯವಾಗಿ ಹೇಳಿದರೆ ಕೇಳುವವರಲ್ಲ ಎಂದರು. ಬೇರೆ ಗ್ಯಾಂಗ್ ತಯಾರಿದೆ, ನಾಳೆ ಎಂಟಕ್ಕೆ ಅವರೇ ಹಿಂದಿನ ಝೂಲಾ ಏರುತ್ತಾರೆ, ಇವರು ಶೆಡ್ ಖಾಲಿ ಮಾಡಲಿ. ನಿಮ್ಮ ಭಾಷೆಯ ಜನ, ಸಂಜೆ ಐದರೊಳಗೆ ತಿಳಿಹೇಳಿ ನೋಡಿ, ಇಲ್ಲದಿದ್ದರೆ ವರದಿ ಬರೆದುಕೊಡಿ. ಇಷ್ಟು ಹೇಳಿ ಮತ್ತೆ ಕಂಪ್ಯೂಟರಿನತ್ತ ತಿರುಗಿದರು.

ನನಗೆ ಅವರ ಮಾತು ಸರಿ ಎನಿಸಿತು. ಮೂರು ದಿನ ಕಾದಿದ್ದರು, ಕಾರಣ ಕೇಳಿದ್ದರು, ಅವಕಾಶವನ್ನೂ ಕೊಟ್ಟಿದ್ದರು. ಇದಕ್ಕಿಂತ ಸಮಂಜಸವಾಗಿ ಯಾರಾದರೂ ಇರಲು ಸಾಧ್ಯವೇ? ಮೇಜಿಗೆ ಬಂದು ವರದಿ ಬರೆಯಲು ಕೂತೆ. ಗ್ಯಾಂಗ್ ಮೂರು ದಿನ ಎತ್ತರದ ಕೆಲಸ ಮಾಡಿಲ್ಲ ಎಂಬುದಕ್ಕೆ ದಾಖಲೆ ಲಗತ್ತಿಸಬೇಕಲ್ಲ, ಆ ಮೂರು ದಿನಗಳ ಪರ್ಮಿಟ್ ಚೀಟಿಗಳನ್ನು ತೆಗೆದೆ. ಯಾರೇ ಝೂಲಾ ಏರಬೇಕಾದರೂ ಬೆಳಿಗ್ಗೆ ನಾನು ಸಹಿ ಮಾಡಿದ ಚೀಟಿ ಬೇಕು. ದಿನಕ್ಕೆ ಮೂವತ್ತು ನಲವತ್ತು ಚೀಟಿಗೆ ಸಹಿ ಹಾಕುತ್ತೇನೆ. ಹೆಸರು ಓದುತ್ತೇನೆಂದು ಹೇಳಿದರೆ ಸುಳ್ಳಾಗುತ್ತದೆ.

ಎರಡನೆಯ ದಿನದ ಚೀಟಿಗಳಲ್ಲಿ ಒಂದು ಮುಂಬದಿಯ ಝೂಲಾದ್ದು. ಒಂಬತ್ತನೆಯ ಮಹಡಿಯ ಕಿಟಕಿ ಸುತ್ತ ಬಿರುಕು ತುಂಬುವ ಸಣ್ಣ ಕೆಲಸ, ಮಧ್ಯಾಹ್ನ ಎರಡರಿಂದ ನಾಲ್ಕು. ಏರಿದವರ ಹೆಸರು ನೋಡಿದೆ. ಮೇಸ್ತ್ರಿಯ ಮಗ ಮತ್ತು ಅಳಿಯ. ಮೂರನೆಯ ದಿನ, ಅಂದರೆ ಆ ಬೆಳಿಗ್ಗೆಯೇ, ಮತ್ತೆ ಅವರಿಬ್ಬರು. ಕೆಳಗೆ ನನ್ನದೇ ಸಹಿ.

ಅಂದರೆ ಅಮಾವಾಸ್ಯೆ ಕಟ್ಟಡದ ಹಿಂಬದಿಗೆ ಮಾತ್ರ ಇತ್ತು.

ಸಿಕ್ಕಿಬಿದ್ದರು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಊಟದ ಡಬ್ಬಿ ತೆರೆಯದೆ ಎರಡೂ ಚೀಟಿ ಹಿಡಿದು ಹೊರಟೆ. ಮುಖದ ಮುಂದೆ ಹಿಡಿದು ಏನು ಕೇಳಬೇಕೆಂದು ಮೆಟ್ಟಿಲಿಳಿಯುತ್ತ ಮಾತು ಜೋಡಿಸಿಕೊಂಡೆ. ಮುಂಬದಿಗೆ ಹುಣ್ಣಿಮೆ, ಹಿಂಬದಿಗೆ ಅಮಾವಾಸ್ಯೆಯೇ? ಚೆನ್ನಾಗಿದೆ ಎನಿಸಿತು. ಎರಡನೆಯ ಮಹಡಿಯ ತಿರುವಿನಲ್ಲಿ ಆ ಮಾತನ್ನು ಇನ್ನೊಮ್ಮೆ ಹೇಳಿಕೊಂಡಾಗ ಕಾಲು ನಿಂತುಬಿಟ್ಟಿತು. ಇವರು ಸೋಮಾರಿಗಳಲ್ಲ, ಮೂರು ದಿನದಿಂದ ಕತ್ತೆಯಂತೆ ದುಡಿಯುತ್ತಲೇ ಇದ್ದಾರೆ. ಎತ್ತರಕ್ಕೆ ಹೆದರುವವರೂ ಅಲ್ಲ, ಮುಂದಿನದನ್ನು ಏರುತ್ತಿದ್ದಾರೆ. ಹಾಗಾದರೆ ಮುಂದಿನದರಲ್ಲಿ ಇಲ್ಲದ್ದು ಹಿಂದಿನದರಲ್ಲಿ ಏನಿದೆ? ಮೂರು ದಿನದಿಂದ ನಾನು ಅವರು ಹೇಳಿದ ಕಾರಣವನ್ನು ಸುಳ್ಳೆಂದು ತೋರಿಸುವುದರಲ್ಲೇ ಮುಳುಗಿದ್ದೆ. ಹೇಳದ ಕಾರಣವೊಂದು ಇರಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಚೀಟಿಗಳನ್ನು ಮಡಚಿ ಜೇಬಿಗೆ ಹಾಕಿದೆ. ಗೆಲ್ಲುವ ವಾದವೊಂದನ್ನು ನಾನಾಗಿ ಬಿಟ್ಟದ್ದು ಬಹುಶಃ ಅದೇ ಮೊದಲು.

ಅವರೆಲ್ಲ ಊಟಕ್ಕೆ ಕೂತಿದ್ದರು. ಮೇಸ್ತ್ರಿಯ ಹೆಂಡತಿ ನನಗೂ ಒಂದು ರೊಟ್ಟಿ, ಮೇಲೆ ಪುಂಡಿಪಲ್ಯ ಇಟ್ಟು ಕೊಟ್ಟಳು. ಆಕೆ ಗ್ಯಾಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊರುವವಳು. ಟೆರೇಸಿನ ಕೆಲಸ ಯಾವಾಗಲೂ ಆಕೆಯದೇ. ಅಲ್ಲೇ ಕೂತು ತಿಂದೆ. ತಿಂದಾದ ಮೇಲೆ ಮೇಸ್ತ್ರಿಯನ್ನು ಕೇಳಿದೆ.

"ಅಮಾಸಿ ಮಾತು ಬಿಡ್ರಿ. ನಾಳೆ ಭಾಳ ಛಲೋ ದಿನ ಅದ ಅಂತ ತಿಳೀರಿ. ನಾಳೆ ನಿಮ್ಮ ಮಗನ್ನ ಹಿಂದಿನ ಝೂಲಾದಾಗ ಕಳಸ್ತೀರೇನು?"

ಮೇಸ್ತ್ರಿ ತಲೆಯೆತ್ತಲಿಲ್ಲ. ಹೆಂಡತಿ ಅವನ ಮುಖ ನೋಡಿದಳು, ಕೈತೊಳೆದಳು, ಪೊರಕೆ ತೆಗೆದುಕೊಂಡಳು. ಟೆರೇಸಿನ ಮೇಲೆ ಕಸ ಭಾಳ ಬಿದ್ದಿದೆ, ಗುಡಿಸಲು ಹೋಗುತ್ತಿದ್ದೇನೆ, ಸಾಹೇಬರೂ ಬಂದರೆ ಬರಬಹುದು ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಟಳು.

ಟೆರೇಸಿನಲ್ಲಿ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಆಕೆ ತೊಲೆಯ ಬಾಲದ ಮೇಲೆ ಹೊದಿಸಿದ್ದ ತಾಡಪತ್ರಿಯ ಮೂಲೆ ಎತ್ತಿದಳು. ಹೊರಗಿನ ಸಾಲಿನ ಎರಡು ಕಲ್ಲು ಸರಿಸಲು ಆಕೆಗೂ ಎರಡು ಕೈ ಬೇಕಾದವು. ಒಳಸಾಲಿನ ಕಲ್ಲೊಂದನ್ನು ಒಂದೇ ಕೈಯಲ್ಲಿ, ರೊಟ್ಟಿ ಬುಟ್ಟಿ ಎತ್ತಿದಷ್ಟು ಸಲೀಸಾಗಿ ಎತ್ತಿ, ನನಗೆ ತೋರಿಸಿ, ಇದ್ದಲ್ಲೇ ಇಟ್ಟಳು. ಆಮೇಲೆ ಗುಡಿಸತೊಡಗಿದಳು.

ನಾನು ಎತ್ತಿ ನೋಡಿದೆ. ಮೂಲೆಯನ್ನು ಬೀಗದ ಕೈಯಿಂದ ಕೆರೆದೆ. ಹಳದಿ ಬಣ್ಣ, ಅದರಡಿ ತೆಳ್ಳಗೆ ಸಿಮೆಂಟಿನ ಲೇಪ, ಅದರಡಿ ಬೆಳ್ಳಗಿನ ಪುಡಿ. ಫ್ಲ್ಯಾಟಿನ ಒಳಗೋಡೆ ಕಟ್ಟಲು ಬಳಸುವ ಹಗುರ ಇಟ್ಟಿಗೆಯನ್ನು ಕಲ್ಲಿನ ಅಳತೆಗೆ ಕೊಯ್ದು ಬಣ್ಣ ಬಳಿದಿದ್ದರು. ಪಕ್ಕದ್ದನ್ನು ಎತ್ತಿದೆ, ಅದೂ ಹಾಗೆಯೇ. ಅದರಾಚೆಯದೂ. ಮೂರು ದಿನವೂ ಬೆಳಿಗ್ಗೆ ಇಲ್ಲಿಗೆ ಬಂದಿದ್ದೆ. ಮೂರು ದಿನವೂ ಮೂವತ್ತಾರು ಮತ್ತು ಮೂವತ್ತಾರು ಎಣಿಸಿ ಟಿಕ್ ಹಾಕಿದ್ದೆ. ಒಂದು ಕಲ್ಲನ್ನೂ ಎತ್ತಿರಲಿಲ್ಲ.

ಆಮೇಲೆ ಆಕೆಯೇ ಹೇಳಿದಳು. ಅಮಾವಾಸ್ಯೆಯ ದಿನ ಕಸ ಗುಡಿಸಲು ಬಂದಾಗ, ನೆರಳಲ್ಲಿ ಕೂತು ರೊಟ್ಟಿ ತಿನ್ನಲೆಂದು ಒಂದು ಕಲ್ಲು ಎಳೆದುಕೊಂಡಳಂತೆ. ಕಲ್ಲು ಸುಮ್ಮನೆ ಕೈಗೆ ಬಂತಂತೆ. ಇಪ್ಪತ್ತು ವರ್ಷ ತಲೆಯ ಮೇಲೆ ಭಾರ ಹೊತ್ತ ಕೈಗೆ ತಕ್ಕಡಿ ಬೇಕಾಗುವುದಿಲ್ಲ. ಆ ಸಂಜೆ ಗಂಡನಿಗೆ ಹೇಳಿದಳು. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು, ತಪ್ಪಿತಸ್ಥನ ದನಿ ಏರುತ್ತದಲ್ಲ ಹಾಗೆ. ಆಕೆ ಪೊರಕೆ ನಿಲ್ಲಿಸಿದಳು.

"ಹಿಂದಿನ ಸೈಟಿನ್ಯಾಗ ಹಗ್ಗ ಖರಾಬ ಅದ ಅಂತ ಹೇಳಿದ್ವಿರಿ. ನಾಕ ದಿನಕ್ಕ ಹಗ್ಗಾನೂ ಹೊಸಾದ ಬಂತು, ಮಂದೀನೂ ಹೊಸಾ ಮಂದಿ ಬಂತು. ಅಮಾಸಿ ಅಂದ್ರ ಯಾರೂ ಸಿಟ್ಟಿಗೇಳಂಗಿಲ್ರಿ, ಸಾಹೇಬ್ರ."

ಝೂಲಾ ಏಜೆನ್ಸಿಯವನೂ ಇವರಿಗೆ ಕೆಲಸ ಕೊಡಿಸುವ ಗುತ್ತಿಗೆದಾರನೂ ಒಂದೇ ತಟ್ಟೆಯಲ್ಲಿ ಉಣ್ಣುವವರು ಎಂಬುದು ಸೈಟಿಗೆಲ್ಲ ಗೊತ್ತಿತ್ತು. ಕಲ್ಲು ಖೊಟ್ಟಿ ಎಂದವರಿಗೆ ಪುಣೆಯಲ್ಲಿ ಮತ್ತೆ ಪ್ಲಾಸ್ಟರ್ ಕೆಲಸ ಸಿಗುವುದು ಕಷ್ಟ. ನೀವು ದಿನಾ ಮೇಲೆ ಬರುತ್ತೀರಿ, ಇವತ್ತಲ್ಲ ನಾಳೆ ನಿಮಗೇ ತಿಳಿಯುತ್ತದೆ, ಅಲ್ಲಿತನಕ ಅಮಾಸಿ ಎಳೆದರಾಯಿತು ಅಂದುಕೊಂಡಿದ್ದರಂತೆ. ನಾನು ಹೆಲ್ಮೆಟ್ಟಿನ ಸೂರ್ಯನನ್ನು ತಿರುಗಿಸುತ್ತಿದ್ದಾಗ ಅವರ ತಲೆಯಲ್ಲಿ ಏನು ಓಡುತ್ತಿದ್ದಿರಬಹುದೆಂದು ನೆನೆದು ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಯಕ್ಕಾ ಎಂದು ಮಾತು ಕೊಟ್ಟೆ. ಆಕೆ ತಲೆಯಾಡಿಸಿದಳು, ಅಷ್ಟೇ. ಇಂಥ ಮಾತುಗಳನ್ನು ಆಕೆ ಮೊದಲೂ ಕೇಳಿದ್ದಿರಬೇಕು.

ಆಗ ಗಂಟೆ ಎರಡೂವರೆ. ಕೆಳಗಿಳಿದು ಹಿಂದಿನ ಝೂಲಾದ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ ಕೆಂಪು ಫಲಕ ಕಟ್ಟಿದೆ. ಮ್ಯಾನೇಜರ್ ಬಳಿ ಹೋಗಿ, ಬೇರೆ ಗ್ಯಾಂಗಾಗಲಿ ಇದೇ ಗ್ಯಾಂಗಾಗಲಿ, ಕಲ್ಲುಗಳೆಲ್ಲ ತೂಕವಾಗದೆ ಯಾರೂ ಏರುವಂತಿಲ್ಲ ಎಂದೆ. ಏಕೆ ಎಂದರು. ನನ್ನ ಫಾರ್ಮಿನಲ್ಲಿ ತೂಕದ ಕಾಲಮ್ಮೇ ಇಲ್ಲ, ಅದು ನನ್ನ ತಪ್ಪು, ಹೊಸ ಗ್ಯಾಂಗ್ ಏರುವ ಮುನ್ನ ಸರಿಪಡಿಸಬೇಕು ಎಂದೆ. ಅದು ನಿಜವೇ ಆಗಿತ್ತು, ಆದ್ದರಿಂದ ನನ್ನ ದನಿಯೂ ನಡುಗಲಿಲ್ಲ. ಮೂರು ದಿನ ಹೋಗಿದೆ, ಇನ್ನರ್ಧ ದಿನ ನಿಮ್ಮ ಕಾಲಮ್ಮಿಗೆ ಎಂದು ಅವರು ಕನ್ನಡಕ ಒರೆಸಿಕೊಂಡರು. ಆದರೂ ಎದ್ದರು. ಏಜೆನ್ಸಿಯ ಮೆಕ್ಯಾನಿಕ್ಕನ್ನೂ ಕರೆಸಿದೆ. ಸ್ಟೋರಿನಲ್ಲಿ ಗುಜರಿ ಕಬ್ಬಿಣ ತೂಗುವ ತಕ್ಕಡಿ ಯಂತ್ರವಿತ್ತು, ಅದನ್ನು ಲಿಫ್ಟಿನಲ್ಲಿ ಮೇಲೆ ಸಾಗಿಸಿದೆವು.

ಹಗುರ ಕಲ್ಲು ಎಲ್ಲಿವೆಯೆಂದು ನನಗೆ ಗೊತ್ತು. ಆದರೆ ನೇರವಾಗಿ ಅದಕ್ಕೇ ಕೈಹಾಕಿದರೆ ಯಾರೋ ಹೇಳಿದ್ದಾರೆಂದು ಮೆಕ್ಯಾನಿಕ್ಕನಿಗೆ ತಿಳಿದುಬಿಡುತ್ತದೆ. ಅಲ್ಲಿ ಗುಡಿಸುವವಳು ಒಬ್ಬಳೇ. ಹಾಗಾಗಿ ಹೊರಗಿನ ಸಾಲಿನಿಂದ ಕ್ರಮವಾಗಿ ಶುರುಮಾಡಿದೆ. ಮೊದಲ ಕಲ್ಲು ಇಪ್ಪತ್ತೈದು. ಎರಡನೆಯದು ಇಪ್ಪತ್ತೈದರ ಮೇಲೆ ಸ್ವಲ್ಪ. ಮೂರು, ನಾಲ್ಕು, ಐದು. ಒಂದೊಂದಕ್ಕೂ ಸೀಮೆಸುಣ್ಣದಿಂದ ನಂಬರ್ ಹಾಕಿ, ವಹಿಯಲ್ಲಿ ತೂಕ ಬರೆದೆ. ಎಂಟಾದಾಗ ಮೆಕ್ಯಾನಿಕ್ ಬೀಡಿ ಹಚ್ಚಿದ. ಹತ್ತಾದಾಗ ಮ್ಯಾನೇಜರ್ ಸಾಕು ಎಂದರು. ಎಲ್ಲವೂ ಆಗಬೇಕು ಎಂದೆ. ಹನ್ನೆರಡಾದಾಗ, ನೀವು ಹಟ ಮಾಡುತ್ತಿದ್ದೀರಿ, ನ್ಯಾಯವಾದ ಮಾತು ಕೇಳುವವರು ನೀವಾದರೂ ಇದ್ದೀರೆಂದುಕೊಂಡಿದ್ದೆ ಎಂದರು. ಮೆಕ್ಯಾನಿಕ್, ಸಾಹೇಬರಿಗೂ ಅಮಾವಾಸ್ಯೆ ತಗಲಿದೆ ಎಂದು ಮರಾಠಿಯಲ್ಲಿ ಅಂದು ನಕ್ಕ. ಬೆಳಗ್ಗೆಯ ನಾನಾಗಿದ್ದರೆ ಅವನೊಡನೆ ಒಂದು ಗಂಟೆ ವಾದಿಸುತ್ತಿದ್ದೆ. ಆಗ ಬೆನ್ನು ಬಗ್ಗಿಸಿ ಹದಿಮೂರನೆಯದನ್ನು ಎತ್ತಿಟ್ಟೆ. ಇಪ್ಪತ್ತೈದು. ಹದಿನಾಲ್ಕನೆಯದು ಇಪ್ಪತ್ತೈದು. ಹೊರಸಾಲು ಮುಗಿಯಿತು. ಒಳಸಾಲಿನ ಮೊದಲನೆಯದನ್ನು ನಾನು ಎತ್ತಲಿಲ್ಲ. ನನ್ನ ಸೊಂಟ ಹಿಡಿದಿದೆ, ಒಂದು ಕಲ್ಲು ನೀವು ಇಡಿ ಎಂದು ಮ್ಯಾನೇಜರರನ್ನೇ ಕೇಳಿಕೊಂಡೆ.

ಅವರು ಇಪ್ಪತ್ತೈದು ಕಿಲೋ ಎತ್ತುವ ತಯಾರಿಯಲ್ಲಿ ಕಾಲು ಅಗಲಿಸಿ ಬಗ್ಗಿದರು. ಕಲ್ಲು ಅವರ ಎದೆಯವರೆಗೆ ಹಾರಿಬಂತು. ಹಿಂದಕ್ಕೆ ಎರಡು ಹೆಜ್ಜೆ ತಡವರಿಸಿ ನಿಂತರು. ಯಂತ್ರದ ಮೇಲಿಟ್ಟಾಗ ಏಳು ಕಿಲೋ ತೋರಿಸಿತು.

ಮೆಕ್ಯಾನಿಕ್ಕನ ಬೀಡಿ ಕೈಯಲ್ಲೇ ಆರಿತು. ಮೇ ತಿಂಗಳ ಬಿಸಿಲಿಗೆ ಕಲ್ಲು ಒಣಗಿ ಹಗುರಾಗಿರಬೇಕು ಎಂದ. ನನ್ನ ಜೀವಮಾನದಲ್ಲಿ ಕೇಳಿದ ವಾದಗಳಲ್ಲಿ ಅದಕ್ಕೇ ಮೊದಲ ಬಹುಮಾನ. ಮ್ಯಾನೇಜರ್ ಅವನತ್ತ ತಿರುಗಿಯೂ ನೋಡದೆ ಅಂಗಿಯ ತೋಳು ಮಡಚಿದರು. ಉಳಿದದ್ದನ್ನೆಲ್ಲ ಅವರೂ ನಾನೂ ಕೂಡಿ ತೂಗಿದೆವು. ಎಪ್ಪತ್ತೆರಡರಲ್ಲಿ ಇಪ್ಪತ್ತೆಂಟು ಮಾತ್ರ ಅಸಲಿ. ನಾನು ಹೆಚ್ಚು ಕಲ್ಲು ಕೇಳಿದಾಗ ನನ್ನ ಎಣಿಕೆಯನ್ನು ತುಂಬಿಸಲು ನಕಲಿ ಮಾಡಿದ್ದರು. ಎಣಿಕೆಯವನು ಎತ್ತಿ ನೋಡುವುದಿಲ್ಲವೆಂದು ತಿಳಿದ ಮೇಲೆ, ಮೊದಲಿದ್ದ ನಲವತ್ತು ಅಸಲಿಯಲ್ಲೂ ಹನ್ನೆರಡನ್ನು ಬೇರೆ ಸೈಟಿಗೆ ಒಯ್ದಿದ್ದರು. ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿ ತೋರಿಸಿದೆ. ಮೂರು ಪಟ್ಟು ಇರಬೇಕಾದ ಹಿಡಿತ ಎರಡು ಪಟ್ಟೂ ಇರಲಿಲ್ಲ. ಝೂಲಾ ಮೇಲೇರುವಾಗ ಅದರ ಅಂಚು ಕಿಟಕಿಯ ಸಜ್ಜಾಕ್ಕೆ ಸಿಕ್ಕಿಕೊಂಡು ಮೋಟಾರು ಒಂದು ಸಲ ಜಗ್ಗಿದರೆ ತೊಲೆ ಮಗುಚಿ ಹೋಗುತ್ತಿತ್ತು. ಹಿಂಬದಿಯಲ್ಲಿ ಮಹಡಿಗೆ ನಾಲ್ಕು ಸಜ್ಜಾ ಇದ್ದವು.

ಮ್ಯಾನೇಜರ್ ಆ ಲೆಕ್ಕವನ್ನು ತಾವೂ ಒಮ್ಮೆ ಹಾಕಿ ನೋಡಿದರು. ಆಮೇಲೆ ಫೋನ್ ತೆಗೆದು ಬೆಳಗಿನ ಹೊಸ ಗ್ಯಾಂಗಿಗೆ ಬರಬೇಡಿ ಎಂದರು. ಇನ್ನೊಂದು ಫೋನಿನಲ್ಲಿ ಏಜೆನ್ಸಿಯ ಕರಾರು ಮುರಿದರು. ಮೆಕ್ಯಾನಿಕ್ ಇಳಿದುಹೋದ ಮೇಲೆ, ನಿಮಗೆ ಯಾರು ಹೇಳಿದರು ಎಂದು ನನ್ನನ್ನು ಕೇಳಿದರು.

ಅಮಾವಾಸ್ಯೆ ಹೇಳಿತು ಎಂದೆ.

ಅವರು ನನ್ನನ್ನೂ, ಮೂಲೆಯಲ್ಲಿ ನಾಲ್ಕನೆಯ ಸಲ ಅದೇ ಜಾಗ ಗುಡಿಸುತ್ತಿದ್ದ ಹೆಂಗಸನ್ನೂ ನೋಡಿದರು. ಮತ್ತೇನೂ ಕೇಳಲಿಲ್ಲ. ಹೋಗುವಾಗ ಆಕೆಯ ಮುಂದೆ ಒಂದು ಕ್ಷಣ ನಿಂತು ಮರಾಠಿಯಲ್ಲಿ, ಟೆರೇಸ್ ಬಹಳ ಸ್ವಚ್ಛವಾಗಿದೆ ತಾಯೀ, ಎಂದು ಹೇಳಿ ಇಳಿದರು. ಆ ಮನುಷ್ಯನ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಬೇರೆ ಏಜೆನ್ಸಿಯ ಕಲ್ಲು ಬರಲು ಮೂರು ದಿನ ಹಿಡಿಯಿತು. ಪ್ರತಿಯೊಂದರ ಮೇಲೂ ತೂಕ ಅಚ್ಚೊತ್ತಿತ್ತು. ಅಚ್ಚನ್ನು ನಂಬದೆ ಎಪ್ಪತ್ತೆರಡನ್ನೂ ತೂಗಿದೆವು. ಝೂಲಾದಲ್ಲಿ ಮರಳಿನ ಚೀಲ ತುಂಬಿ, ಹೊರಬೇಕಾದ ಭಾರಕ್ಕಿಂತ ಕಾಲು ಭಾಗ ಹೆಚ್ಚಿಗೆ ಹೇರಿ, ನೆಲದಿಂದ ಒಂದಾಳೆತ್ತರಕ್ಕೆ ಎತ್ತಿ ಅರ್ಧ ಗಂಟೆ ನಿಲ್ಲಿಸಿದೆವು. ತೊಲೆ ಅಲುಗಲಿಲ್ಲ. ಮೊದಲು ಮೇಸ್ತ್ರಿಯೂ ನಾನೂ ಏರಿದೆವು. ಇಪ್ಪತ್ತೆರಡನೆಯ ಮಹಡಿಯ ಮಟ್ಟದಲ್ಲಿ ನಾನು ಕಂಬಿಯನ್ನು ಹೇಗೆ ಬಿಗಿಹಿಡಿದಿದ್ದೆನೆಂದರೆ, ಕೈ ಬಿಡ್ರಿ ಸಾಹೇಬ್ರ, ಬಣ್ಣ ಕಿತ್ತು ಬರ್ತದ ಎಂದು ಅವನು ಮೊದಲ ಸಲ ನನ್ನನ್ನು ಗೇಲಿ ಮಾಡಿದ. ಇಬ್ಬರೂ ಜೋರಾಗಿ ನಕ್ಕೆವು. ದೂರದಲ್ಲಿ ವಿಮಾನವೊಂದು ಇಳಿಯುತ್ತಿತ್ತು, ಕೆಳಗೆ ಅವನ ಹೆಂಡತಿ ಸೆರಗು ಕಣ್ಣಿಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಹಿಂಬದಿಯ ಪ್ಲಾಸ್ಟರ್ ಮೊದಲ ಮಳೆಗೆ ನಾಲ್ಕು ದಿನ ಮುಂಚೆಯೇ ಮುಗಿಯಿತು.

ಆದರೆ ನಾನು ಹೆಮ್ಮೆಪಡುವುದು ಅದಕ್ಕಲ್ಲ, ಒಂದು ಚೀಟಿಗೆ. ಮ್ಯಾನೇಜರರನ್ನು ಒಪ್ಪಿಸಿ ಹೊಸ ಚೀಟಿಯೊಂದನ್ನು ಮಾಡಿಸಿದೆ. ಅದರ ಮೇಲೆ ಕನ್ನಡ, ಮರಾಠಿ, ಹಿಂದಿಯಲ್ಲಿ ಒಂದೇ ಸಾಲು, 'ಇವತ್ತು ಇದನ್ನು ಏರುವುದಿಲ್ಲ.' ಕಾರಣ ಬರೆಯುವ ಜಾಗ ಖಾಲಿ ಬಿಡಬಹುದು, ಹೆಸರೂ ಬೇಡ. ಚೀಟಿ ಪೆಟ್ಟಿಗೆಗೆ ಬಿದ್ದರೆ, ಯಾಕೆಂದು ಕೇಳದೆ ನಾನು ಹೋಗಿ ಎತ್ತಿ, ಎಳೆದು, ಅಲುಗಾಡಿಸಿ ನೋಡಬೇಕು. ಇದನ್ನು ದಿನಾ ಹಾಕುತ್ತಾರೆ, ಸೈಟ್ ಮುಚ್ಚಬೇಕಾದೀತು ಎಂದು ಎಂಜಿನಿಯರುಗಳು ಹೆದರಿಸಿದರು. ಆ ವರ್ಷ ಬಿದ್ದದ್ದು ಐದೇ ಚೀಟಿ. ಮೂರು ಸಲ ಏನಾದರೂ ಸಿಕ್ಕಿತು, ಒಂದು ಸಲ ಏನೂ ಸಿಗಲಿಲ್ಲ, ಒಂದು ಸಲ ಆ ದಿನ ಕ್ರಿಕೆಟ್ ಇತ್ತು. ಕಾರಣ ಕೇಳುವುದನ್ನು ನಾವು ಬಿಟ್ಟ ಮೇಲೆ ಅವರಾಗಿಯೇ ಹೇಳತೊಡಗಿದರು. ಐದನೆಯ ಚೀಟಿಯಲ್ಲಿ ಯಾರೋ ಕಷ್ಟಪಟ್ಟು ದೊಡ್ಡ ಅಕ್ಷರಗಳಲ್ಲಿ 'ಬೋಲ್ಟ್' ಎಂದು ಬರೆದಿದ್ದರು. ಬೋಲ್ಟ್ ನಿಜಕ್ಕೂ ಸಡಿಲವಾಗಿತ್ತು.

ಆ ಮೇ ತಿಂಗಳಾದ ಮೇಲೆ ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು, ಇದೇ ಗ್ಯಾಂಗ್ ಹಿಂಬದಿಗೆ ಬಣ್ಣ ಹೊಡೆಯಲು ಹೇಳಿ ಮಾಡಿಸಿದಂಥ ಬೆಳಗು. ನಾನು ಆಫೀಸಿಗೆ ಬಂದಾಗ ಮೇಜಿನ ಮೇಲೆ ಪಾಯಾ ಅಗೆದ ಕರಿಮಣ್ಣಿನ ಒಂದು ಜೋಡಿ ಎತ್ತು ನಿಂತಿದ್ದವು, ಕೋಡಿಗೆ ಝೂಲಾ ಕಲ್ಲಿನದೇ ಹಳದಿ ಬಣ್ಣ. ಬಾಗಿಲಲ್ಲಿ ಮೇಸ್ತ್ರಿಯೂ ಅವನ ಹಿಂದೆ ಹೆಂಡತಿಯೂ ನಿಂತಿದ್ದರು. ಅವನು ಈ ಸಲ ನೆಲ ನೋಡಲಿಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

"ಸಾಹೇಬ್ರ, ಕಲ್ಲ ಎಲ್ಲಾ ಎತ್ತಿ ನೋಡೀವಿ, ಛಲೋ ಅವ. ಹಗ್ಗಾನೂ ಛಲೋ ಅದ, ಬೋಲ್ಟೂ ಬಿಗಿ ಅವ. ಆದ್ರ ಇವತ್ತ ಖರೇನ ಅಮಾಸಿ ಅದರಿ. ಏರಂಗಿಲ್ಲ."

ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಕೈಯಳತೆಯಲ್ಲಿ ಹೆಲ್ಮೆಟ್ಟೂ ಚಹಾದ ಗ್ಲಾಸೂ ಇದ್ದವು. ನಾನು ಯಾವುದನ್ನೂ ಮುಟ್ಟಲಿಲ್ಲ. ಆಗ್ಲಿ ಬಿಡ್ರಿ ಎಂದೆ. ಅವರು ಹೋದ ಮೇಲೆ ರಿಜಿಸ್ಟರ್ ತೆಗೆದು, ಹಿಂದಿನ ಝೂಲಾ ಇಂದು ನಿಂತಿದೆ ಎಂದು ಬರೆದೆ. ಕಾರಣದ ಕಾಲಮ್ಮಿನಲ್ಲಿ 'ಅಮಾವಾಸ್ಯೆ' ಎಂದು ಬರೆದು, ಪೂರ್ತಿ ನಂಬಿ ಸಹಿ ಮಾಡಿದೆ.